ಕೊಡಗಿನ ಮಳೆ, ಚಳಿಯಲ್ಲಿ ಬಾಲ್ ಪೈಥಾನ್ ಗೂಡು: ಹೀಟರ್ ಮತ್ತು ಥರ್ಮೋಸ್ಟಾಟ್ ಬಳಸಿದ ಅನುಭವ

ನಮ್ಮದು ಮಡಿಕೇರಿ ಹತ್ತಿರದ ತೋಟದ ಮನೆ. ನನ್ನ ಬಾಲ್ ಪೈಥಾನ್ ಹಾವಿಗೆ ಬಳಸುತ್ತಿರುವುದು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪಿವಿಸಿ ಪೆಟ್ಟಿಗೆ, 100 ವಾಟ್‌ನ ಸೆರಾಮಿಕ್ ಹೀಟರ್ ಮತ್ತು ಬಿಸಿಯನ್ನು ಹದದಲ್ಲಿಡುವ ಒಂದು ಡಿಮ್ಮಿಂಗ್ ಥರ್ಮೋಸ್ಟಾಟ್. ಈ ಜೋಡಣೆ ಹಲವು ಮಳೆಗಾಲ ಕಂಡಿದೆ. ಮೂರರಲ್ಲಿ ಯಾವುದಕ್ಕೆ ದುಡ್ಡು ಜಾಸ್ತಿ ಹಾಕಬೇಕು ಅಂತ ಕೇಳಿದರೆ, ಥರ್ಮೋಸ್ಟಾಟ್‌ಗೆ ಅನ್ನುತ್ತೇನೆ. ಬಿಸಿ ಮಾಡುವುದು ಯಾವ ಹೀಟರ್‌ಗೂ ಗೊತ್ತು. ಎಲ್ಲಿ ಸಾಕು ಅನ್ನುವುದು ಗೊತ್ತಿರುವುದು ಥರ್ಮೋಸ್ಟಾಟ್‌ಗೆ ಮಾತ್ರ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಗೂಡಿನ ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರಬೇಕು. ಎರಡೂ ಕಡೆ ಮೈಗೆ ಒತ್ತಿಕೊಳ್ಳುವಷ್ಟು ಇಕ್ಕಟ್ಟಿನ ಅಡಗುತಾಣ ಬೇಕು. ತನಗೆ ಬೇಕಾದ ಬಿಸಿಯನ್ನು ಅದೇ ಹುಡುಕಿಕೊಳ್ಳುತ್ತದೆ. ಜುಲೈಯಲ್ಲಿ ನಮ್ಮ ಕೋಣೆಯೊಳಗೆ 18 ಡಿಗ್ರಿ ಆಸುಪಾಸು ಇರುತ್ತದೆ. ಹೀಟರ್ ಇಲ್ಲದೆ ಇಲ್ಲಿ ಈ ಹಾವನ್ನು ಸಾಕುವ ಮಾತೇ ಇಲ್ಲ. ಮೈ ತಣ್ಣಗಾದರೆ ತಿಂದದ್ದು ಅರಗುವುದಿಲ್ಲ, ಉಸಿರಾಟದ ಸೋಂಕೂ ಬೇಗ ಹಿಡಿಯುತ್ತದೆ.

ಸೆರಾಮಿಕ್ ಹೀಟರ್ ಬೆಳಕು ಕೊಡುವುದಿಲ್ಲ, ಬರೀ ಬಿಸಿ. ರಾತ್ರಿ ಓಡಾಡುವ ಪ್ರಾಣಿಗೆ ಅದು ಒಳ್ಳೆಯದು. ಆದರೆ ಅದರ ಮೈ 200 ಡಿಗ್ರಿ ದಾಟುತ್ತದೆ. ಹಾಗಾಗಿ ಪ್ಲಾಸ್ಟಿಕ್ ಹೋಲ್ಡರ್ ಬೇಡವೇ ಬೇಡ, ಪಿಂಗಾಣಿಯದ್ದೇ ಆಗಬೇಕು. ಸುತ್ತ ತಂತಿಯ ಬಲೆಯೂ ಇರಲೇಬೇಕು. ಬಾಲ್ ಪೈಥಾನ್ ಮೇಲೆ ಹತ್ತಿ ಬಿಸಿ ಹೀಟರ್‌ಗೆ ಸುತ್ತಿಕೊಂಡರೆ, ಮೈ ಸುಡುತ್ತಿದ್ದರೂ ಬೇಗ ಬಿಟ್ಟು ಬರುವುದಿಲ್ಲ. ಬೆಲೆ ಕಡಿಮೆ ಅಂತ ಮಾರುವ, ಕರೆಂಟಿನಲ್ಲಿ ಬಿಸಿಯಾಗುವ ಕಲ್ಲುಗಳನ್ನೂ ಇದೇ ಕಾರಣಕ್ಕೆ ನಾನು ಯಾರಿಗೂ ಹೇಳುವುದಿಲ್ಲ.

ಆನ್-ಆಫ್ ಥರ್ಮೋಸ್ಟಾಟ್ ಹೀಟರನ್ನು ಪೂರ್ತಿ ಉರಿಸುತ್ತದೆ, ಆಮೇಲೆ ಪೂರ್ತಿ ನಿಲ್ಲಿಸುತ್ತದೆ. ಡಿಮ್ಮಿಂಗ್‌ನದ್ದು ಹಾಗಲ್ಲ, ಎಷ್ಟು ಬೇಕೋ ಅಷ್ಟೇ ವಿದ್ಯುತ್ ಕೊಡುತ್ತದೆ. ನನ್ನದರಲ್ಲಿ 32 ಅಂತ ಇಟ್ಟರೆ ಗೂಡಿನ ಬಿಸಿ ತುದಿ ಆ ಅಂಕಿಯಿಂದ ಅರ್ಧ ಡಿಗ್ರಿಯೂ ಆಚೀಚೆ ಹೋಗುವುದು ಕಡಿಮೆ. ಸೆನ್ಸರ್ ವೈರನ್ನು ಹಾವು ಎಳೆಯದಂತೆ ಬಿಸಿ ತುದಿಯ ಅಡಗುತಾಣದ ಪಕ್ಕ ಕ್ಲಿಪ್ ಹಾಕಿ ಕೂರಿಸಿದ್ದೇನೆ. ಟೇಪ್ ಬಳಸಬೇಡಿ, ಅದು ಬಿಟ್ಟು ಬಂದು ಹಾವಿನ ಚರ್ಮಕ್ಕೆ ಅಂಟುತ್ತದೆ. ಸೆನ್ಸರ್ ಜಾರಿ ತಣ್ಣಗಿನ ಜಾಗಕ್ಕೆ ಬಿದ್ದರೆ ಹೀಟರ್ ಉರಿಯುತ್ತಲೇ ಇರುತ್ತದೆ. ಆದ್ದರಿಂದ ಬೇರೆಯದೇ ಒಂದು ಥರ್ಮಾಮೀಟರ್ ಒಳಗಿರಲಿ.

ಕೊಡಗಿನವರೆಲ್ಲ ಮೊದಲು ಕೇಳುವುದು ಮಳೆಗಾಲದ ತೇವದ ಬಗ್ಗೆ. ಕಕ್ಕಡ ತಿಂಗಳ ಮಳೆಯಲ್ಲಿ ಚಪ್ಪಲಿ, ಬೆಲ್ಟು, ಕಪಾಟಿನ ಬಟ್ಟೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದಲ್ವಾ, ಗೂಡಿನ ಗತಿ ಏನು ಅಂತ. ವಾಸ್ತವ ಉಲ್ಟಾ ಇದೆ. 18 ಡಿಗ್ರಿಯ, ಶೇಕಡಾ 95 ತೇವ ಇರುವ ಗಾಳಿಯನ್ನು 26 ಡಿಗ್ರಿಗೆ ಬಿಸಿ ಮಾಡಿದರೆ ತೇವ ಶೇಕಡಾ 58ರ ಹತ್ತಿರಕ್ಕೆ ಇಳಿಯುತ್ತದೆ. ಈ ಹಾವಿಗೆ ಬೇಕಾದದ್ದು 55ರಿಂದ 70. ಅಂದರೆ ಹೀಟರ್ ಉರಿಯುತ್ತಿದ್ದು, ಗಾಳಿಯ ಕಿಂಡಿ ತೆರೆದಿದ್ದರೆ ಮಳೆಗಾಲ ತಾನಾಗಿಯೇ ಸರಿಹೋಗುತ್ತದೆ.

ಕಷ್ಟ ಇರುವುದು ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ, ಚಳಿಗಾಲದಲ್ಲಿ. ಜನವರಿಯ 12 ಡಿಗ್ರಿಯ ಗಾಳಿಯಲ್ಲಿ ಶೇಕಡಾ 80 ತೇವ ಇದ್ದರೂ, ಅದೇ 26 ಡಿಗ್ರಿಗೆ ಬಂದಾಗ ಉಳಿಯುವುದು 33ರಷ್ಟು ಮಾತ್ರ. ಇದು ಮೊದಲು ಗೊತ್ತಾಗುವುದು ಪೊರೆಯಲ್ಲಿ. ಹಾವಿನ ಕಣ್ಣು ಹಾಲು ಬೆರೆತ ನೀಲಿಗೆ ತಿರುಗಿ, ಮತ್ತೆ ತಿಳಿಯಾಗಿ, ಕೆಲವು ದಿನಕ್ಕೆ ಪೊರೆ ಬಿಡುತ್ತದೆ. ತೇವ ಸರಿಯಾಗಿದ್ದರೆ ಮೂತಿಯಿಂದ ಬಾಲದ ತುದಿಯವರೆಗೆ ಕಾಲುಚೀಲ ಮಗುಚಿದ ಹಾಗೆ ಒಂದೇ ತುಂಡಾಗಿ ಬರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಎರಡು ಕಣ್ಣಿನ ಜಾಗದಲ್ಲೂ ಪುಟ್ಟ ಗಾಜಿನಂಥ ಗುಂಡು ಹಾಳೆ ಕಾಣಬೇಕು. ಕಾಣದಿದ್ದರೆ ಅದು ಇನ್ನೂ ಹಾವಿನ ಕಣ್ಣಿನ ಮೇಲೇ ಇದೆ ಅಂತ ಅರ್ಥ. ಅದನ್ನು ಉಗುರಿನಿಂದ ಕೀಳಬಾರದು. ತೇವ ಹೆಚ್ಚಿಸಿ, ಮುಂದಿನ ಪೊರೆಯಲ್ಲೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಡಿಸೆಂಬರ್ ಬಂದರೆ ನಾನು ಕಿಂಡಿಯ ಅರ್ಧ ಮುಚ್ಚುತ್ತೇನೆ. ನೆಲಕ್ಕೆ ಹಾಸಿದ ತೆಂಗಿನ ಸಿಪ್ಪೆ ಚೂರಿನ ಅಡಿಗೆ ನೀರು ಹೊಯ್ಯುತ್ತೇನೆ, ಮೇಲ್ಭಾಗ ಒಣಗಿಯೇ ಇರುತ್ತದೆ. ಒದ್ದೆ ಪಾಚಿ ತುಂಬಿದ ಒಂದು ಡಬ್ಬಿಯನ್ನೂ ಒಳಗೆ ಇಡುತ್ತೇನೆ. ಪೆಟ್ಟಿಗೆ ಪಿವಿಸಿಯದ್ದಾದ್ದರಿಂದ ಇಷ್ಟು ನೀರಿಗೆ ಉಬ್ಬಿಲ್ಲ. ಪ್ಲೈವುಡ್ ಆಗಿದ್ದರೆ ಈ ಊರಿನಲ್ಲಿ ಇಷ್ಟು ಬಾಳುತ್ತಿರಲಿಲ್ಲ.

ಇನ್ನು ಕರೆಂಟು. ತೋಟದ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದರೆ ಯಾವಾಗ ಬರುತ್ತದೆ ಅಂತ ಹೇಳಲಾಗುವುದಿಲ್ಲ. 12 ವೋಲ್ಟ್, 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಅವರ್ ಇದೆ. ಪೂರ್ತಿ ಸಿಗದಿದ್ದರೂ ಈ ಹೀಟರ್ ಒಂದು ರಾತ್ರಿ ಕಳೆಯುತ್ತದೆ. ಇಲ್ಲಿ ಒಂದು ವಿಷಯ ಅಂಗಡಿಯವರು ಹೇಳುವುದಿಲ್ಲ: ಡಿಮ್ಮಿಂಗ್ ಥರ್ಮೋಸ್ಟಾಟ್‌ಗೆ ಸೈನ್ ವೇವ್ ಇನ್ವರ್ಟರ್ ಬೇಕು. ಸ್ಕ್ವೇರ್ ವೇವ್‌ನಲ್ಲಿ ಗುಂಯ್ ಅನ್ನುತ್ತದೆ, ಬಿಸಿಯ ಹಿಡಿತವೂ ತಪ್ಪುತ್ತದೆ. ಮನೆಯಲ್ಲಿ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಆನ್-ಆಫ್ ಥರ್ಮೋಸ್ಟಾಟೇ ವಾಸಿ. ಬಿಲ್ ಬಗ್ಗೆ ಹೆದರಬೇಕಿಲ್ಲ, ದಿನವಿಡೀ ಪೂರ್ತಿ ಉರಿದರೂ 2.4 ಯೂನಿಟ್.

ನಮ್ಮ ತೋಟಗಳಲ್ಲಿ ಸಿಗುವ ಹೆಬ್ಬಾವನ್ನು ಇಂಥ ಗೂಡಿನಲ್ಲಿ ಇಡಬಹುದಾ ಅಂತ ಕೇಳುವವರಿದ್ದಾರೆ. ಖಂಡಿತ ಇಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ಪ್ರಾಣಿ, ಹಿಡಿಯುವುದೂ ಸಾಕುವುದೂ ಅಪರಾಧ. ಕಂಡರೆ ಅರಣ್ಯ ಇಲಾಖೆಗೆ ಹೇಳಿ. ಬಾಲ್ ಪೈಥಾನ್ ಇದ್ದವರೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಗಾಜಿನ ಬಾಗಿಲಿಗೆ ಬೀಗವೂ ಇರಲಿ. ಈ ಹಾವು ನಮ್ಮ ಕಾಡಿಗೆ ಸೇರಬಾರದು.

ನನ್ನ ಒಂದೇ ದೂರು ಥರ್ಮೋಸ್ಟಾಟ್ ಮಾರಿದವರ ಮೇಲೆ. ಸೆನ್ಸರ್ ವೈರ್ ಸವೆದಾಗ ಬಿಡಿಯಾಗಿ ಕೊಡಲಿಲ್ಲ, ಹೊಸದನ್ನೇ ಕೊಳ್ಳಿ ಅಂದರು. ಬೇರೆ ಕಡೆ ಹುಡುಕಿ ತರಿಸುವಷ್ಟರಲ್ಲಿ ವಾರಗಳೇ ಹೋದವು. ಪುಣ್ಯಕ್ಕೆ, ಆಗ ಬೇಸಿಗೆಯಾದ್ದರಿಂದ ಸಾದಾ ಆನ್-ಆಫ್ ಒಂದರಲ್ಲಿ ನಿಭಾಯಿಸಿದೆ. ನೀವು ಕೊಳ್ಳುವಾಗ ವೈರ್ ಬಿಚ್ಚಿ ಬದಲಿಸುವಂಥದ್ದಾ ಅಂತ ಕೇಳಿ, ಹೌದಾದರೆ ಅವತ್ತೇ ಎರಡು ತೆಗೆದುಕೊಳ್ಳಿ.