ಬಲ್ಬ್ ಪದೇ ಪದೇ ಹೋಗುತ್ತಿದ್ದಾಗ ಕೊಂಡ ಮಲ್ಟಿಮೀಟರ್: ಎಂಟು ತಿಂಗಳ ಬಳಕೆಯ ಮೇಲೆ

ವೋಲ್ಟೇಜ್, ಕರೆಂಟ್ ಅಳೆಯುವ ಈ ಮೀಟರ್ ಕೊಂಡಿದ್ದೇ ಕಾರಿನ ಬಲ್ಬ್‌ಗಳ ಕಾಟಕ್ಕೆ. ಐದು ತಿಂಗಳಲ್ಲಿ ಹೆಡ್‌ಲೈಟಿನ ಎಚ್7 ಬಲ್ಬ್ (ಒಂದು ಬಗೆಯ ಹ್ಯಾಲೋಜನ್ ಬಲ್ಬ್) ನಾಲ್ಕು ಹೋದವು, ಎರಡೂ ಕಡೆಯವು. ಜೊತೆಗೆ ಹಿಂದೆ ಬಲಗಡೆಯ ಬ್ರೇಕ್ ಲೈಟ್ ಮೂರು ಸಲ. ಗ್ಯಾರೇಜಿನಲ್ಲಿ ಪ್ರತಿ ಸಲವೂ ಒಂದೇ ಮಾತು, "ಬಲ್ಬ್ ಕ್ವಾಲಿಟಿ ಸರಿಯಿಲ್ಲ ಸಾರ್, ಒಳ್ಳೇ ಕಂಪನಿದು ಹಾಕೋಣ." ಹಾಕಿಸಿದೆ. ಅದೂ ಹೋಯಿತು. ಒಂದು ರಾತ್ರಿ ಮಳೆಯಲ್ಲಿ ಒಂದೇ ಹೆಡ್‌ಲೈಟ್ ಹಾಕಿಕೊಂಡು ಬರುತ್ತಿದ್ದಾಗ ಎದುರಿನವರು ನನ್ನದು ಬೈಕ್ ಅಂದುಕೊಂಡು ತೀರಾ ಹತ್ತಿರಕ್ಕೆ ಬಂದುಬಿಟ್ಟರು. ಎದೆ ಧಸಕ್ ಎಂದಿತು. ಮಾರನೇ ದಿನವೇ ಮೀಟರ್ ತಂದೆ.

ಸಾದಾ ಡಿಜಿಟಲ್ ಮೀಟರ್. ಗುಂಡಿ ತಿರುಗಿಸಿ ಡಿಸಿ 20 ವೋಲ್ಟ್‌ಗೆ ಇಟ್ಟು, ಕೆಂಪು ಪ್ರೋಬ್ (ಮೀಟರಿನ ವೈರಿನ ತುದಿಯ ಅಳೆಯುವ ಕಡ್ಡಿ) ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಮೈನಸ್‌ಗೆ ಮುಟ್ಟಿಸಿದರೆ ಆಯಿತು. ಇಂಜಿನ್ ಆಫ್ ಇದ್ದಾಗ 12.6 ತೋರಿಸಿತು, ಅದು ಸರಿ. ಸ್ಟಾರ್ಟ್ ಮಾಡಿದ ಮೇಲೆ 14.3. ಅದೂ ಸರಿ, ಸಾಮಾನ್ಯವಾಗಿ 13.8ರಿಂದ 14.5ರ ಒಳಗೆ ಇರುತ್ತದೆ. ಅಲ್ಲಿಗೇ ನಿಲ್ಲಿಸಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. "ಅಕ್ಕ, ಇನ್ನೊಂಚೂರು ಆಕ್ಸಿಲರೇಟರ್ ಒತ್ತು" ಎಂದೆ. ಅಂಕಿ ಏರುತ್ತಾ ಏರುತ್ತಾ 15.6ಕ್ಕೆ ಹೋಗಿ ನಿಂತಿತು.

ಇಂಜಿನ್ ತಿರುಗುವಾಗ ಕರೆಂಟ್ ಕೊಡುವ ಆಲ್ಟರ್ನೇಟರಿನಲ್ಲಿ, ವೋಲ್ಟೇಜ್ ಮಿತಿ ಮೀರದಂತೆ ನೋಡಿಕೊಳ್ಳುವ ರೆಗ್ಯುಲೇಟರ್ ಕೆಟ್ಟಿತ್ತು. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ ಶೇಕಡಾ 5ರಷ್ಟು ಜಾಸ್ತಿಯಾದರೂ ಸಾಕು, ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೀಗಿರುವಾಗ ಯಾವ ಕಂಪನಿಯ ಬಲ್ಬ್ ಹಾಕಿದರೆ ಏನು ಬಂತು, ಅಲ್ವಾ? ರೆಗ್ಯುಲೇಟರ್ ಬದಲಾಯಿಸಿದ ಮೇಲೆ ಎಷ್ಟು ಒತ್ತಿದರೂ 14.4 ದಾಟುತ್ತಿಲ್ಲ, ಎಂಟು ತಿಂಗಳಿಂದ ಹೆಡ್‌ಲೈಟ್ ಒಂದೂ ಹೋಗಿಲ್ಲ. ಒಂದು ಮಾತು, ಕೆಲವು ಹೊಸ ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರೇ ಏರಿಸಿ ಇಳಿಸಿ ಮಾಡುತ್ತದೆ. ಒಂದು ಸಲದ ಅಂಕಿ ನೋಡಿ ಗಾಬರಿಯಾಗಬೇಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.

ಬ್ರೇಕ್ ಲೈಟ್ ಮಾತ್ರ ಮತ್ತೆ ಹೋಯಿತು! ಹೋದ ಬಲ್ಬನ್ನು ದಯವಿಟ್ಟು ಸುಮ್ನೆ ಎಸೆಯಬೇಡಿ, ಬೆಳಕಿಗೆ ಹಿಡಿದು ನೋಡಿ. ಗಾಜು ಒಳಗೆ ಕಪ್ಪಾಗಿದ್ದರೆ ಬಲ್ಬ್ ಹಳೆಯದಾಗಿರಬೇಕು ಅಥವಾ ವೋಲ್ಟೇಜ್ ಜಾಸ್ತಿ ಬರುತ್ತಿರಬೇಕು. ಬಿಳಿ ಪುಡಿ ಕೂತಿದ್ದರೆ ಗಾಜು ಬಿರುಕು ಬಿಟ್ಟು ಒಳಗೆ ಗಾಳಿ ಹೋಗಿದೆ. ಗಾಜು ತಿಳಿಯಾಗಿದ್ದು ಒಳಗಿನ ತಂತಿ ಮಾತ್ರ ತುಂಡಾಗಿದ್ದರೆ ಅಲುಗಾಟದ ಮೇಲೆ ಅನುಮಾನ ಪಡಿ. ನನ್ನದು ಹಾಗೇ ಇತ್ತು. ಲೈಟ್ ಕೂರಿಸುವ ನಟ್ ಸಡಿಲವಾಗಿ, ಡಿಕ್ಕಿ ಮುಚ್ಚಿದಾಗಲೆಲ್ಲ ಲೈಟ್ ಪೂರ್ತಿ ಅದುರುತ್ತಿತ್ತು. ಹೋಲ್ಡರಿನೊಳಗೆ ನೀರಿಳಿದು ಹಿತ್ತಾಳೆ ಹಸಿರುಗಟ್ಟಿತ್ತು ಕೂಡ. ಬಲ್ಬ್ ಹಾಕಿ, ಅಕ್ಕನಿಂದ ಬ್ರೇಕ್ ಒತ್ತಿಸಿ, ಹೋಲ್ಡರಿನಲ್ಲಿ ಕರೆಂಟ್ ವಾಪಸ್ ಹೋಗುವ ಅರ್ತ್‌ಗೂ ಬಾಡಿಯ ಪೇಂಟ್ ಇಲ್ಲದ ಬೋಲ್ಟ್‌ಗೂ ನಡುವೆ ಅಳೆದೆ. 0.2 ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ನನಗೆ 0.9 ಬಂತು. ಉಜ್ಜಿ ಸ್ವಚ್ಛ ಮಾಡಿದ ಮೇಲೆ 0.1ಕ್ಕೆ ಇಳಿದು, ಮಂಕಾಗಿದ್ದ ಬೆಳಕೂ ಸರಿಹೋಯಿತು. ನಟ್ ಬಿಗಿ ಮಾಡಿದ್ದರಿಂದ ಬಲ್ಬ್ ಹೋಗುವುದೂ ನಿಂತಿತು.

ಅಂದಹಾಗೆ ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಕಡೆ ಬಿಸಿ ಜಾಸ್ತಿಯಾಗಿ ಬಲ್ಬ್ ಬೇಗ ಹೋಗುತ್ತದೆ. ಇದನ್ನು ಮೀಟರ್ ಕಂಡುಹಿಡಿಯುವುದಿಲ್ಲ.

ಮೀಟರಿನ ಕೊರತೆಗಳೂ ಇವೆ. ಪರದೆಗೆ ಬೆಳಕಿಲ್ಲ, ಬಾನೆಟ್ ಕೆಳಗೆ ಟಾರ್ಚ್ ಹಿಡಿದೇ ಓದಬೇಕು. ಪ್ರೋಬ್ ತುದಿ ದಪ್ಪ, ಸಣ್ಣ ಹೋಲ್ಡರಿಗೆ ಇಳಿಯುವುದಿಲ್ಲ, ನಾನು ಗುಂಡುಪಿನ್ ಸಿಕ್ಕಿಸಿ ಅಳೆಯುತ್ತೇನೆ. ಕೆಂಪು ವೈರನ್ನು 10 ಆಂಪ್ ತೂತಿನಲ್ಲಿ ಬಿಟ್ಟು ಬ್ಯಾಟರಿಗೆ ಮುಟ್ಟಿಸಿದರೆ ನೇರ ಶಾರ್ಟ್ ಆಗುತ್ತದೆ, ಅಳೆಯುವ ಮುಂಚೆ ಪ್ರತಿ ಸಲ ನೋಡಿಕೊಳ್ಳಿ. ಎಲ್ಲಕ್ಕಿಂತ ಬೇಸರದ ವಿಷಯ, ವೋಲ್ಟೇಜ್ ಎಷ್ಟರವರೆಗೆ ಏರಿತ್ತು ಅಂತ ನೆನಪಿಟ್ಟುಕೊಳ್ಳುವ ಗುಂಡಿ ಇದರಲ್ಲಿಲ್ಲ. ಪಕ್ಕದಲ್ಲಿ ಆಕ್ಸಿಲರೇಟರ್ ಒತ್ತುವವರು ಯಾರೂ ಇಲ್ಲದವರು ಆ ಗುಂಡಿ ಇರುವುದನ್ನೇ ಕೊಳ್ಳಿ.