ಹೊಸ ಚೈನ್ ಸಾ ಟ್ಯೂನಿಂಗ್: ಕಿವಿ, ಮೀಟರ್, ಮರದ ದಿಮ್ಮಿ

ಹೊಸ ಚೈನ್ ಸಾ ಪೂರ್ತಿ ರೇಸ್ ಕೊಟ್ಟಾಗ ಗಂಟಲು ಕಟ್ಟಿದ ಹಾಗೆ ಗುರುಗುಟ್ಟುತ್ತಿತ್ತು. ಸ್ವಲ್ಪ ಹೊಗೆಯೂ ಇತ್ತು. ಸ್ಕ್ರೂಡ್ರೈವರ್ ಹಿಡಿಯಲು ಕೈ ತುರಿಸಿತು, ಆದರೆ ಮೊದಲ ಐದು ಟ್ಯಾಂಕ್ ಮುಗಿಯುವ ತನಕ ಮುಟ್ಟಲಿಲ್ಲ. ಹೊಸ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್ ಇನ್ನೂ ಕೂತಿರುವುದಿಲ್ಲ. ಆಗ ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋಗುವುದೇ ಕ್ಷೇಮ. ರಿಂಗ್ ಕೂತ ಮೇಲೆ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ತಾನಾಗಿಯೇ ಸ್ವಲ್ಪ ಏರುತ್ತದೆ, ಮೊದಲೇ ಮಾಡಿದ ಟ್ಯೂನಿಂಗ್ ಹೇಗೂ ಕೆಡುತ್ತದೆ.

ಆಮೇಲೆ ಒಂದೇ ಗರಗಸದ ಮೇಲೆ ನಾಲ್ಕು ದಾರಿ ಪ್ರಯತ್ನಿಸಿದೆ. ಏರ್ ಫಿಲ್ಟರ್ ತೊಳೆದಿದ್ದೆ, ಬಾರ್ (ಚೈನ್ ಓಡುವ ಉದ್ದ ಪಟ್ಟಿ) ಮತ್ತು ಚೈನ್ ಹಾಕಿಯೇ ಇದ್ದವು, ಎಂಜಿನ್ ಚೆನ್ನಾಗಿ ಬಿಸಿಯಾಗಿತ್ತು. ಮಿಕ್ಸ್ ಯಾವಾಗಲೂ 50:1, ಅಂದರೆ ಲೀಟರ್ ಪೆಟ್ರೋಲ್‌ಗೆ 20 ಎಂಎಲ್ 2ಟಿ ಆಯಿಲ್.

ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬೊರೇಟರ್‌ನಲ್ಲಿ ಸ್ಕ್ರೂ ಮೂರು. ಎಲ್ ಅಂದರೆ ಸ್ಲೋ (ಟ್ರಿಗರ್ ಬಿಟ್ಟಾಗಿನ ಓಟ) ಮತ್ತು ಪಿಕಪ್‌ಗೆ, ಎಚ್ ಅಂದರೆ ಪೂರ್ತಿ ವೇಗಕ್ಕೆ. ಎರಡರಲ್ಲೂ ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಎಡಕ್ಕೆ ತಿರುಗಿಸಿದರೆ ಜಾಸ್ತಿ. ಮೂರನೆಯದು ಎಲ್‌ಎ, ಕೆಲವು ಗರಗಸಗಳಲ್ಲಿ ಅದನ್ನೇ ಟಿ ಅಂತ ಬರೆದಿರುತ್ತಾರೆ. ಅದು ಪೆಟ್ರೋಲ್ ಮುಟ್ಟುವುದಿಲ್ಲ, ಸ್ಲೋದಲ್ಲಿ ಥ್ರಾಟಲ್ ಎಷ್ಟು ತೆರೆದಿರಬೇಕು ಅನ್ನುವುದಷ್ಟೇ ಅದರ ಕೆಲಸ.

ಮೊದಲನೆಯದು ಸುತ್ತು ಎಣಿಸುವ ದಾರಿ. ಎಚ್, ಎಲ್ ಎರಡನ್ನೂ ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೊಂದು ಸುತ್ತು ಬಿಚ್ಚಿದೆ. ಜೋರಾಗಿ ಬಿಗಿದರೆ ಸ್ಕ್ರೂವಿನ ಸೂಜಿಯಂಥ ತುದಿ ಹಾಳಾಗುತ್ತದೆ, ಅದೊಂದು ಎಚ್ಚರ. ಗರಗಸ ಸ್ಟಾರ್ಟ್ ಆಯಿತು. ಅಷ್ಟೇ. ಒಂದೇ ಮಾಡೆಲ್‌ನ ಎರಡು ಕಾರ್ಬೊರೇಟರ್‌ಗೂ ಸರಿಯಾದ ಸುತ್ತು ಒಂದೇ ಇರಬೇಕೆಂದಿಲ್ಲ. ಎಲ್ಲವನ್ನೂ ಕೆಡಿಸಿಕೊಂಡವರಿಗೆ ಮತ್ತೆ ಶುರುಮಾಡಲು ಇದು ಸಾಕು, ಟ್ಯೂನಿಂಗ್ ಅಂತ ಕರೆಯಲು ಸಾಲದು.

ಎರಡನೆಯದು ಕಿವಿ. ಎಲ್ ಸ್ಕ್ರೂಗೆ ಇದನ್ನು ಮೀರಿಸಿದ್ದು ಇಲ್ಲ. ಸ್ಲೋದಲ್ಲಿ ಎಂಜಿನ್ ಅತಿ ವೇಗವಾಗಿ ಓಡುವ ಜಾಗ ಹುಡುಕಿ, ಅಲ್ಲಿಂದ ಎಡಕ್ಕೆ ಸುಮಾರು ಕಾಲು ಸುತ್ತು ಬಿಟ್ಟೆ. ಫಟ್ ಅಂತ ಟ್ರಿಗರ್ ಒತ್ತಿದರೆ ತಕ್ಷಣ ಏಳಬೇಕು. 'ಬ್ವಾ' ಅಂತ ಒಂದು ಕ್ಷಣ ತಡೆದರೆ ಪೆಟ್ರೋಲ್ ಸಾಲುತ್ತಿಲ್ಲ, ಕೆಮ್ಮುತ್ತಾ ಹೊಗೆಯ ಜೊತೆ ಎದ್ದರೆ ಜಾಸ್ತಿಯಾಗಿದೆ. ಐದೇ ನಿಮಿಷದ ಕೆಲಸ. ಕೊನೆಗೆ ಎಲ್‌ಎ ಸ್ಕ್ರೂವನ್ನು ಚೈನ್ ಪೂರ್ತಿ ನಿಲ್ಲುವಷ್ಟು ಇಳಿಸಿದೆ. ಸ್ಲೋದಲ್ಲಿ ಚೈನ್ ತೆವಳುತ್ತಿರುವ ಗರಗಸವನ್ನು ನಾನು ಕೈಯಲ್ಲೂ ಹಿಡಿಯುವುದಿಲ್ಲ.

ಎಚ್ ಸ್ಕ್ರೂಗೆ ಬಂದಾಗ ಅದೇ ಕಿವಿ ಮೋಸ ಮಾಡಿತು. ಚೂರು ಚೂರೇ ಬಲಕ್ಕೆ ತಿರುಗಿಸಿದೆ. ಗುರುಗುಟ್ಟುವುದು ನಿಂತಿತು, ಹೊಗೆ ಹೋಯಿತು, ಸದ್ದು ಮೊನಚಾಯಿತು. ಎಂಥಾ ಓಟ ಅಂತ ಖುಷಿಪಟ್ಟೆ. ಮೀಟರ್ ಹಿಡಿದಾಗ ಬೆಚ್ಚಿದೆ: 13,800! ನನ್ನ ಗರಗಸದ ಪುಸ್ತಕದಲ್ಲಿ ಮಿತಿ 13,000 ಇದೆ. ಈ ಟೂ ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಬರುವುದೇ ಪೆಟ್ರೋಲ್ ಜೊತೆ ಅಲ್ವಾ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ, ತಂಪೂ ಕಡಿಮೆ. ಪಿಸ್ಟನ್‌ನ ಸೈಲೆನ್ಸರ್ ಕಡೆಯ ಮೈಯಲ್ಲಿ ಗೀರು ಬಿದ್ದು ಸೀಜ್ ಆಗುವುದು ಹೀಗೇ. ಹಾಳಾಗುವ ಮುಂಚೆ ಗರಗಸ ಬಹಳ ಚೆನ್ನಾಗಿ ಓಡುತ್ತದೆ, ಅದೇ ಕಷ್ಟ.

ಮೂರನೆಯದು ಆ ಮೀಟರ್, ಅಂದರೆ ಪ್ಲಗ್ ವಯರಿಗೆ ಸುತ್ತುವ ಚಿಕ್ಕ ಟ್ಯಾಕೋಮೀಟರ್. ಮೊದಲ ಸಲ ಅದು 25,000 ತೋರಿಸಿ ನನ್ನನ್ನು ನಗಿಸಿತ್ತು. ಎಂಜಿನ್ ಎರಡು ಸುತ್ತು ತಿರುಗಿದರೆ ಒಂದು ಕಿಡಿ ಅನ್ನುವ ಫೋರ್ ಸ್ಟ್ರೋಕ್ ಸೆಟ್ಟಿಂಗ್‌ನಲ್ಲಿತ್ತು. ಪ್ರತಿ ಸುತ್ತಿಗೂ ಒಂದು ಕಿಡಿ ಅಂತ ಬದಲಿಸಿದ ಮೇಲೆ ಸರಿಯಾಯಿತು. ಸ್ಲೋ 2,700ಕ್ಕೂ ಪೂರ್ತಿ ವೇಗ 13,000ದ ಒಳಗೂ ತಂದು ನಿಲ್ಲಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಆದರೆ ಗೆಳೆಯನ ಗರಗಸಕ್ಕೆ ಹಾಕಿದಾಗ ಮೀಟರ್ ಕೈಕೊಟ್ಟಿತು. ಅದರ ಕಿಡಿ ಕೊಡುವ ಕಾಯಿಲ್‌ನಲ್ಲೇ ವೇಗದ ಮಿತಿ ಇದೆ. ಅಷ್ಟು ಮುಟ್ಟಿದ ತಕ್ಷಣ ಕಿಡಿ ತಪ್ಪಿಸುತ್ತದೆ. ಎಚ್ ಎಷ್ಟೇ ಬಿಗಿದರೂ ಮೀಟರ್ ಅದೇ ಅಂಕಿ ತೋರಿಸುತ್ತಾ ಕೂತಿತ್ತು. ಕಿಡಿ ತಪ್ಪುವ ಆ ಪಟಪಟ ಸದ್ದು ಪೆಟ್ರೋಲ್ ಜಾಸ್ತಿಯಾದಾಗಿನ ಗುರುಗುಟ್ಟುವಿಕೆಯ ಹಾಗೇ ಕೇಳಿಸುತ್ತದೆ. ಅದನ್ನು ನಂಬಿ ಇನ್ನೂ ಬಿಗಿದರೆ ಎಂಜಿನ್ ಹೋಯಿತು. ಎಚ್ ಎಡಕ್ಕೆ ಬಿಚ್ಚುತ್ತಾ ಹೋಗಿ, ವೇಗ ಆ ಮಿತಿಯಿಂದ ಕೆಳಗೆ ಇಳಿದು ಸದ್ದು ಮೆತ್ತಗಾದಾಗ ಕೇಳುವುದೇ ನಿಜವಾದ ಗುರುಗುಟ್ಟುವಿಕೆ.

ನಾಲ್ಕನೆಯದು ಮರ. ಒಂದು ಗೇಣು ದಪ್ಪದ ದಿಮ್ಮಿಯನ್ನು ಅಲುಗದ ಹಾಗೆ ಕಟ್ಟಿಟ್ಟು, ಈಗಷ್ಟೇ ಹರಿತ ಮಾಡಿದ ಚೈನ್‌ನಿಂದ ಕೊಯ್ದೆ. ಮೊಂಡು ಚೈನ್ ಇದ್ದರೆ ಈ ಪರೀಕ್ಷೆಯೇ ಸುಳ್ಳು. ಬಾರ್ ಮರದೊಳಗೆ ಇಳಿದು ಭಾರ ಬಿದ್ದಾಗ ಸದ್ದು ಶುದ್ಧವಾಗಿ, ಒಂದೇ ಎಳೆಯಲ್ಲಿ ಬರಬೇಕು. ಟ್ರಿಗರ್ ಪೂರ್ತಿ ಒತ್ತಿಯೇ ಗರಗಸವನ್ನು ತುಸು ಮೇಲಕ್ಕೆ ಎತ್ತಿ ಭಾರ ಇಳಿಸಿದರೆ ಗುರುಗುಟ್ಟು ವಾಪಸ್ ಬರಬೇಕು. ಒತ್ತಿದಾಗಲೂ ಗುರುಗುಟ್ಟಿದರೆ ಪೆಟ್ರೋಲ್ ಜಾಸ್ತಿ. ಎತ್ತಿದಾಗಲೂ ಶುದ್ಧವಾಗಿಯೇ ಕಿರುಚಿದರೆ ಕಡಿಮೆ, ತಕ್ಷಣ ಎಡಕ್ಕೆ ಬಿಡಿ. ಹತ್ತು ಹನ್ನೆರಡು ಬಿಲ್ಲೆ ಕೊಯ್ಯುವಷ್ಟರಲ್ಲಿ ಎಚ್ ಸ್ಕ್ರೂವಿನ ಜಾಗ ಸಿಕ್ಕಿತು. ಕಿವಿಗೆ ಮಫ್ ಹಾಕಿಕೊಂಡೇ ಮಾಡಿದೆ, ಈ ವ್ಯತ್ಯಾಸ ಅದರೊಳಗೂ ಕೇಳುತ್ತದೆ. ಆಮೇಲೆ ಖಾಲಿ ಓಡಿಸಿ ಮೀಟರ್ ನೋಡಿದರೆ 12,700.

ಪ್ಲಗ್ ಬಿಚ್ಚಿ ಬಣ್ಣ ನೋಡುವವರೂ ಇದ್ದಾರೆ. ನೋಡಿದೆ, ಕಂದು ಬಣ್ಣ ಇತ್ತು. ಆದರೆ ಹಿಂದಿನ ಮೂರು ಟ್ಯಾಂಕ್‌ಗಳ ಕಥೆಯೂ ಅದರಲ್ಲಿ ಸೇರಿರುತ್ತದೆ, ಈಗ ತಿರುಗಿಸಿದ ಸ್ಕ್ರೂ ಬಗ್ಗೆ ಅದು ಏನೂ ಹೇಳುವುದಿಲ್ಲ.

ಇನ್ನು ತಾನೇ ಟ್ಯೂನ್ ಆಗುವ ಗರಗಸಗಳು. ಸ್ಟಿಲ್‌ನವರು ಎಂ-ಟ್ರಾನಿಕ್ ಅಂತಾರೆ, ಹಸ್ಕ್‌ವರ್ನಾದವರು ಆಟೋಟ್ಯೂನ್ ಅಂತಾರೆ. ಅಂಥದ್ದೊಂದನ್ನು ಎರಡು ದಿನ ಎರವಲು ತಂದಿದ್ದೆ. ಅದರಲ್ಲಿ ಎಚ್, ಎಲ್ ಸ್ಕ್ರೂಗಳೇ ಇಲ್ಲ, ಒಂದು ಕವಾಟ ಪೆಟ್ರೋಲ್ ಅಳೆದು ಬಿಡುತ್ತದೆ. ಚಳಿ, ಬಿಸಿಲು, ಎತ್ತರದ ಜಾಗ ಎಲ್ಲಕ್ಕೂ ತಾನೇ ಹೊಂದಿಕೊಳ್ಳುತ್ತದೆ. ದಿನವಿಡೀ ಕೊಯ್ಯುವವರು, ಆಗಾಗ ಊರು ಬದಲಿಸುವವರು ಕಣ್ಣು ಮುಚ್ಚಿ ಅದನ್ನೇ ತಗೊಳ್ಳಲಿ. ನನಗೆ ಮನಸ್ಸು ಬರಲಿಲ್ಲ. ಎಲ್ಲೋ ಗಾಳಿ ಸೋರುತ್ತಿದ್ದರೂ ಅದು ಸುಮ್ನೆ ಸರಿದೂಗಿಸಿಕೊಂಡು ಹೋಗಬಹುದು. ನನ್ನದರಲ್ಲಿ ಗಾಳಿ ಸೋರಿದರೆ ಸ್ಲೋ ಒಂದೇ ಸಮ ನಿಲ್ಲದೆ ಏರಿಳಿಯುತ್ತದೆ, ಆಗ ಸ್ಕ್ರೂ ಬಿಟ್ಟು ಸೋರುವ ಜಾಗ ಹುಡುಕಬೇಕು ಅಂತ ನನಗೆ ಗೊತ್ತಾಗುತ್ತದೆ.

ಈಗ ನನ್ನ ರೂಢಿ: ಎಲ್ ಕಿವಿಯಿಂದ, ಎಚ್ ಮರದಲ್ಲಿ, ಮೀಟರ್ ಕೊನೆಗೆ ಕಾವಲಿಗೆ ಮಾತ್ರ. ಎಚ್ ಮುಟ್ಟಿದ ಮೇಲೆ ಎಲ್ ಇನ್ನೊಮ್ಮೆ ನೋಡುತ್ತೇನೆ, ಒಂದು ಬದಲಾದರೆ ಇನ್ನೊಂದು ಚೂರು ಅಲುಗುತ್ತದೆ. ಎಚ್ ಸ್ಕ್ರೂ ಗೀಟು ಎಲ್ಲಿ ನಿಂತಿದೆಯೋ ಅದಕ್ಕೆ ಎದುರಾಗಿ ಕವಚದ ಮೇಲೆ ಬಿಳಿ ಪೇಂಟ್‌ನ ಒಂದು ಚುಕ್ಕೆ ಇಟ್ಟಿದ್ದೇನೆ. ಹತ್ತನೆಯ ಟ್ಯಾಂಕ್ ಆದ ಮೇಲೆ ಮತ್ತೆ ಕೊಯ್ದು ನೋಡಿದಾಗ ಆ ಚುಕ್ಕೆಯಿಂದ ಒಂದು ಕೂದಲೆಳೆಯಷ್ಟು ಎಡಕ್ಕೆ ಬಿಡಬೇಕಾಯಿತು.