ವಾಯುಭಾರ ಕುಸಿತ ಕದಲದೆ ನಿಂತಾಗ ಯಾವ ಮುನ್ಸೂಚನೆ ನೋಡುವುದು?

ಮೇ ತಿಂಗಳು ಬಂತೆಂದರೆ ಉಡುಪಿ ಜಿಲ್ಲೆಯ ಕಾಪುವಿನ ನಮ್ಮ ಮನೆಯಲ್ಲಿ ಹಲಸಿನ ಹಪ್ಪಳದ ಕೆಲಸ. ಒಂದು ವರ್ಷ ಫೋನಿನ ಆ್ಯಪ್ ಒಂದರಲ್ಲಿ ಮಳೆ 30% ಅಂತಿತ್ತು, ಪಕ್ಕದಲ್ಲಿ ಸೂರ್ಯನ ಚಿತ್ರ. ಅಮ್ಮ ಅಂಗಳದ ತುಂಬ ಹಪ್ಪಳ ಹರಡಿದರು. ಮಧ್ಯಾಹ್ನ ಕಡಲ ಕಡೆಯಿಂದ ಮಳೆ ಬಂತು. ಚಾಪೆ ಎತ್ತುವಷ್ಟರಲ್ಲಿ ಹಪ್ಪಳವೆಲ್ಲ ಅಂಟಿಕೊಂಡು ಮತ್ತೆ ಹಿಟ್ಟಾಗಿತ್ತು. ಆ ಶೇಕಡಾ ಲೆಕ್ಕ ನೋಡುವುದನ್ನು ಅಂದೇ ಬಿಟ್ಟೆ.

2025ರ ಮೇ ಕೊನೆಗೆ ಕೊಂಕಣದ ಆಚೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವಾಯಿತು. ಆಗ ಉಳಿದ ಮೂರನ್ನು, ಅಂದರೆ ಮಾಡೆಲ್ ನಕ್ಷೆ, ಹವಾಮಾನ ಇಲಾಖೆಯ ಅಲರ್ಟ್, ಉಪಗ್ರಹದ ಚಿತ್ರ, ದಿನವೂ ಒಟ್ಟಿಗೆ ನೋಡಿದೆ. ಬೆಳಿಗ್ಗೆ 8:30ಕ್ಕೆ ಅಂಗಳದ ಮಳೆಮಾಪಕ ನೋಡಿ ಬರೆದಿಟ್ಟೆ.

ಮೊದಲು ಮಾಡೆಲ್ ನಕ್ಷೆಗಳು, ಅಂದರೆ ಮುಂದಿನ ದಿನಗಳ ಹವಾಮಾನವನ್ನು ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುವ ನಕ್ಷೆಗಳು. ಯುರೋಪಿನ ಹವಾಮಾನ ಕೇಂದ್ರ ಇಸಿಎಂಡಬ್ಲ್ಯುಎಫ್‌ನ ಮಾಡೆಲ್ ಸುಮಾರು 9 ಕಿಮೀ ಚೌಕಕ್ಕೊಂದು ಲೆಕ್ಕ ಹಾಕುತ್ತದೆ, ಅಮೆರಿಕದ ಮಾಡೆಲ್ ಜಿಎಫ್‌ಎಸ್ ಸುಮಾರು 13 ಕಿಮೀಗೆ. ಜಿಎಫ್‌ಎಸ್ ಆರು ಗಂಟೆಗೊಮ್ಮೆ ಹೊಸದಾಗುತ್ತದೆ. ನಾನು ಇವುಗಳಲ್ಲಿ ಮಳೆಯ ಬಣ್ಣ ನೋಡುವುದಿಲ್ಲ, ವಾಯುಭಾರ ಕುಸಿತದ ಸುತ್ತ ಏಳುವ ಗಾಳಿಯ ಸುಳಿಯ ನಡು ಎಲ್ಲಿದೆ ಅಂತ ನೋಡುತ್ತೇನೆ. ನಮ್ಮಲ್ಲಿ ಗಾಳಿ ಸುಳಿಯ ಸುತ್ತ ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ. ನಡು ಗೋವಾ, ರತ್ನಗಿರಿಯ ಆಚೆ ನಿಂತರೆ ಅದರ ತೆಂಕು ಬದಿಯ ಒದ್ದೆ ಪಡುಗಾಳಿ ನೇರ ನಮ್ಮ ಕರಾವಳಿಗೆ ಬೀಸಿ ಘಟ್ಟಕ್ಕೆ ಹೊಡೆಯುತ್ತದೆ. ಸುಳಿ ಬೇಗ ಸಾಗಿದರೆ ಒಂದು ದಿನದ ಮಳೆ. ನಿಂತರೆ ಮೋಡದ ಸಾಲುಗಳು ಒಂದರ ಹಿಂದೆ ಒಂದು ಅದೇ ಊರಿನ ಮೇಲೆ ಬರುತ್ತವೆ. ಆಗ ಸಾಲು ಸ್ವಲ್ಪ ಆಚೀಚೆ ಆದರೂ ಲೆಕ್ಕ ತಲೆಕೆಳಗು. ಒಂದು ದಿನ ನನ್ನ ಮಾಪಕದಲ್ಲಿ 90 ಮಿಮೀ ದಾಟಿತ್ತು, ಕಾರ್ಕಳದಲ್ಲಿ ಮಾವನ ಮನೆಯಲ್ಲಿ ಅದರ ಅರ್ಧವೂ ಇರಲಿಲ್ಲ! ಹಾಗಾಗಿ ಎರಡೂ ನಕ್ಷೆ ಸುಳಿಯ ನಡುವನ್ನು ಒಂದೇ ಜಾಗದಲ್ಲಿ ತೋರಿಸಿದರೆ ಮೂರು ದಿನ ಮುಂಚೆಯೇ ತಯಾರಾಗುತ್ತೇನೆ. ಬೇರೆ ಬೇರೆ ತೋರಿಸಿದರೆ ಕಾಯುತ್ತೇನೆ.

ಎರಡನೆಯದು ಹವಾಮಾನ ಇಲಾಖೆಯ ಹಳದಿ, ಆರೆಂಜ್, ರೆಡ್ ಅಲರ್ಟ್. ದಿನಕ್ಕೆ 64.5 ಮಿಮೀಯಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ ಅನ್ನುವುದು ಇಲಾಖೆಯ ಅಳತೆ. ಅಲರ್ಟ್ ಇಡೀ ಜಿಲ್ಲೆಗೆ. ಕಡಲ ಬದಿಯ ಕಾಪುವಿಗೂ ಘಟ್ಟದ ಬುಡದ ಹೆಬ್ರಿಗೂ ಒಂದೇ ಬಣ್ಣ. ಅಂಗಳದಲ್ಲಿ ಎಷ್ಟು ಬೀಳುತ್ತದೆ ಅಂತ ಇದರಿಂದ ತಿಳಿಯುವುದಿಲ್ಲ. ಆದರೆ ಹೊಳೆ ಬದಿಯವರು, ದೋಣಿಯವರು, ಘಟ್ಟ ಹತ್ತಬೇಕಾದವರು ಮೊದಲು ಇದನ್ನೇ ನೋಡಬೇಕು. ಹೊಳೆಗೆ ನೀರು ಬರುವುದು ಘಟ್ಟದ ಮಳೆಯಿಂದ ಅಲ್ವಾ?

ಮೂರನೆಯದು ಇನ್ಸಾಟ್ ಉಪಗ್ರಹದ ಚಿತ್ರ. ಮುಂದಿನ ಎರಡು ಮೂರು ಗಂಟೆಗೆ ನನಗೆ ಇದೇ ಆಧಾರ. ಅರ್ಧ ಗಂಟೆಗೊಂದರಂತೆ ನಾಲ್ಕೈದು ಚಿತ್ರ ಒಟ್ಟಿಗೆ ನೋಡಿದರೆ ಮೋಡ ಯಾವ ಕಡೆ ಸಾಗುತ್ತಿದೆ ಅಂತ ಗೊತ್ತಾಗುತ್ತದೆ. ಒಂದೇ ಎಚ್ಚರ: ಇದರಲ್ಲಿ ಕಾಣುವುದು ಮೋಡದ ನೆತ್ತಿ ಮಾತ್ರ. ಎತ್ತರವಿಲ್ಲದ ಮೋಡವೂ ನಮ್ಮ ಕರಾವಳಿಯಲ್ಲಿ ಜೋರಾಗಿ ಸುರಿಯಬಲ್ಲದು.

ಮೇ 24ರಂದು ಆ ಸುಳಿ ರತ್ನಗಿರಿ, ದಾಪೋಲಿ ನಡುವೆ ದಡ ದಾಟಿತು, ನಮ್ಮಿಂದ 400 ಕಿಮೀಗೂ ಜಾಸ್ತಿ ದೂರದಲ್ಲಿ. "ಹೋಯ್ತಲ್ಲ, ನಾಳೆ ಹಪ್ಪಳ ಒಣಗಿಸೋಣ್ವಾ?" ಅಂತ ಅಮ್ಮ ಕೇಳಿದರು. ಅದೇ ದಿನ ಕೇರಳಕ್ಕೆ ಮುಂಗಾರು ಬಂದಿತ್ತು. ನಕ್ಷೆಯಲ್ಲಿ ಪಡುಗಾಳಿ ಇನ್ನೂ ನಮ್ಮ ಕಡೆಗೇ ಇತ್ತು. ಬೇಡ ಅಂದೆ. ಚಾಪೆಗಳನ್ನು ಸುತ್ತಿ ಅಟ್ಟಕ್ಕೆ ಹಾಕಿದೆವು.